ಸಣ್ಣ ಮೀನುಗಾರಿಕೆ ದೋಣಿಗೆ ಯಾವ ಲಂಗರು ಒಳ್ಳೆಯದು?

ನಮ್ಮ ಕರಾವಳಿಯ ನಾಡದೋಣಿಗಳಲ್ಲಿ ಹೆಚ್ಚಾಗಿ ಕಾಣುವ ಲಂಗರು ಒಂದೇ. ಕಬ್ಬಿಣದ ಸರಳುಗಳನ್ನು ಒಟ್ಟಿಗೆ ಬೆಸೆದು, ತುದಿಗಳನ್ನು ಮೇಲಕ್ಕೆ ಬಗ್ಗಿಸಿ ಮಾಡಿದ ನಾಲ್ಕು ಕೊಕ್ಕೆಯ ಲಂಗರು. ಯಾವ ವೆಲ್ಡಿಂಗ್ ಶಾಪಿನಲ್ಲಿ ಹೇಳಿದರೂ ಮಾಡಿಕೊಡುತ್ತಾರೆ, ಖರ್ಚೂ ಕಡಿಮೆ. ಬಂಡೆ ಇರುವ ಕಡೆ ಅದು ಒಳ್ಳೆಯ ಲಂಗರೇ. ಆದರೆ ಕಾರವಾರದಿಂದ ಮಂಗಳೂರಿನವರೆಗೆ ದಡದ ಹತ್ತಿರ ಜಾಸ್ತಿ ಇರುವುದು ಹೊಯ್ಗೆ (ಮರಳು), ಇನ್ನೂ ಆಳಕ್ಕೆ ಹೋದರೆ ಕೆಸರು. ಇವೆರಡರಲ್ಲೂ ಕೊಕ್ಕೆ ಲಂಗರು ತುಂಬಾ ಸಡಿಲ. ಗಾಳಿ ಮೆಲ್ಲಗೆ ಇರುವಷ್ಟು ಹೊತ್ತು ಅದು ಗೊತ್ತಾಗುವುದಿಲ್ಲ, ಅಷ್ಟೇ.

ಔಟ್‌ಬೋರ್ಡ್ ಎಂಜಿನ್ ಹಾಕಿಕೊಂಡು ಗಾಳಕ್ಕೋ ಬಲೆಗೋ ಹೋಗುವ, 5ರಿಂದ 9 ಮೀಟರ್ ಉದ್ದದ ಫೈಬರ್ ಅಥವಾ ಮರದ ದೋಣಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೊಯ್ಗೆ, ಕೆಸರಿನ ಮೇಲೆ ಕೆಲಸ ಮಾಡುವವರಿಗೆ ಅಲಗಿನ ಲಂಗರು, ಅಂದರೆ ಅಗಲವಾದ ಚಪ್ಪಟೆ ಅಲಗು ನೆಲದೊಳಗೆ ಇಳಿದು ಹಿಡಿಯುವಂಥದ್ದು ಬೇಕು. ಬಂಡೆಯ ಮೇಲೆ ಗಾಳ ಹಾಕುವವರಿಗೆ ಕೊಕ್ಕೆಯದ್ದು. ಎರಡೂ ಮಾಡುವವರು ಎರಡನ್ನೂ ಇಟ್ಟುಕೊಳ್ಳಬೇಕು. ಮತ್ತೆ, ಕೈಯಲ್ಲಿರುವ ದುಡ್ಡು ಹೊಸ ಲಂಗರಿಗೋ ಚೈನಿಗೋ ಅನ್ನುವ ಪ್ರಶ್ನೆ ಬಂದರೆ ಮೊದಲು ಚೈನು ತಗೊಳ್ಳಿ.

ಕಲ್ಲು ಯಾಕೆ ಸಾಲದು

ಭಾರ ಇದ್ದಷ್ಟೂ ಹಿಡಿತ ಜಾಸ್ತಿ ಅನ್ನುವ ನಂಬಿಕೆ ತುಂಬಾ ಜನರಲ್ಲಿದೆ. ಹಾಗಾಗಿ ಹಗ್ಗಕ್ಕೆ ಕಲ್ಲು ಕಟ್ಟಿ, ಇಲ್ಲವೇ ಡಬ್ಬಕ್ಕೆ ಕಾಂಕ್ರೀಟ್ ತುಂಬಿ ಬಿಡುತ್ತಾರೆ. ಲೆಕ್ಕ ಹಾಕಿ ನೋಡಿ. 20 ಕೆ.ಜಿ. ಕರಿಕಲ್ಲು ಸಮುದ್ರದ ನೀರಿನೊಳಗೆ ಹನ್ನೆರಡು, ಹನ್ನೆರಡೂವರೆ ಕೆ.ಜಿ. ಮಾತ್ರ ತೂಗುತ್ತದೆ. ಅಷ್ಟೇ ತೂಕದ ಕಾಂಕ್ರೀಟ್ ಇನ್ನೂ ಕಡಿಮೆ, ಹನ್ನೊಂದೂವರೆ. ಕಬ್ಬಿಣವಾದರೆ 17 ಕೆ.ಜಿ.ಗಿಂತ ಜಾಸ್ತಿ ಉಳಿಯುತ್ತದೆ. ಹೊಯ್ಗೆ ಮೇಲೆ ಜಾರುವ ಕಲ್ಲು ತನ್ನ ಆ ಉಳಿದ ತೂಕದಷ್ಟೂ ಹಿಡಿಯುವುದಿಲ್ಲ.

ದೋಣಿಯನ್ನು ಗಾಳಿ ಎಳೆಯುವ ಬಲ ಎಷ್ಟು? ಅಮೆರಿಕದ ಬೋಟು ಮಾನದಂಡ ಸಂಸ್ಥೆ ಎಬಿವೈಸಿ ಇದಕ್ಕೊಂದು ಕೋಷ್ಟಕ ಮಾಡಿದೆ. ಅದರ ಪ್ರಕಾರ 20 ಅಡಿಯ ಬೋಟಿಗೆ 15 ನಾಟ್ (ಗಂಟೆಗೆ ಸುಮಾರು 28 ಕಿ.ಮೀ.) ಗಾಳಿಯಲ್ಲಿ 90 ಪೌಂಡ್, ಅಂದರೆ ಸುಮಾರು 40 ಕೆ.ಜಿ. ಎಳೆತ ಎಂದು ಹಿಡಿಯಬೇಕು. ಗಾಳಿ 30 ನಾಟ್ ಆದರೆ ಅದು 360 ಪೌಂಡ್, ಸುಮಾರು 160 ಕೆ.ಜಿ. ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ಇದನ್ನು ಬರೀ ಭಾರದಿಂದ ತಡೆಯುವಷ್ಟು ದೊಡ್ಡ ಕಲ್ಲನ್ನು ಯಾರೂ ದೋಣಿಗೆ ಹತ್ತಿಸಲಾರರು. ಒಳ್ಳೆಯ ಲಂಗರು ನೇಗಿಲಿನ ಹಾಗೆ ನೆಲದೊಳಗೆ ಇಳಿಯುತ್ತದೆ. ಎಳೆದಷ್ಟೂ ಆಳಕ್ಕೆ ಹೋಗುತ್ತದೆ. ಆರು ಕೆ.ಜಿ.ಯ ಸರಿಯಾದ ಲಂಗರು 20 ಕೆ.ಜಿ. ಕಲ್ಲನ್ನು ಸುಲಭವಾಗಿ ಮೀರಿಸುವುದು ಇದೇ ಕಾರಣಕ್ಕೆ.

ಹಾಗಂತ ಕಲ್ಲು ಯಾವತ್ತೂ ಬೇಡ ಅನ್ನುತ್ತಿಲ್ಲ. ಬಲೆಯ ತುದಿಗೆ, ಸಣ್ಣ ಬೋಯಕ್ಕೆ, ನಿಂತ ನೀರಿನ ಹಿನ್ನೀರಲ್ಲಿ ಪಾತಿ ದೋಣಿಗೆ ಅದೇ ಸಾಕು.

ಕೊಕ್ಕೆ ಲಂಗರು

ಇದು ಕೆಲಸ ಮಾಡುವುದು ಸಿಕ್ಕಿಕೊಳ್ಳುವುದರಿಂದ. ಬಂಡೆಯ ಸಂದಿಗೆ ಒಂದು ಕೊಕ್ಕೆ ಬಿದ್ದರೆ ಆಯಿತು, ದೋಣಿ ನಿಲ್ಲುತ್ತದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಸುತ್ತ, ಕಾಪು ಬಂಡೆಗಳ ಹತ್ತಿರ, ಕಾರವಾರದ ದ್ವೀಪಗಳ ಬದಿಯಲ್ಲಿ ಗಾಳ ಹಾಕುವವರಿಗೆ ಇದಕ್ಕಿಂತ ಸರಿಯಾದದ್ದು ಇಲ್ಲ.

ಮಾಡಿಸುವಾಗ ಒಂದು ವಿಷಯ ಗಮನಿಸಿ. ಕೊಕ್ಕೆಗಳು ತೀರಾ ಗಟ್ಟಿ ಇರಬಾರದು. ಬಂಡೆಗೆ ಸಿಕ್ಕಿಕೊಂಡಾಗ ನೇರ ಮೇಲಿಂದ ಜೋರಾಗಿ ಎಳೆದರೆ ಕೊಕ್ಕೆ ನೆಟ್ಟಗಾಗಿ ಬಿಟ್ಟುಕೊಳ್ಳಬೇಕು. ದಡಕ್ಕೆ ಬಂದು ಪೈಪು ತೂರಿಸಿ ಮತ್ತೆ ಬಗ್ಗಿಸಿಕೊಳ್ಳಬಹುದು. ಸಾದಾ ಮೈಲ್ಡ್ ಸ್ಟೀಲ್ ಸರಳು ಇದಕ್ಕೆ ಸರಿ. ದಪ್ಪ ಸರಳು ಹಾಕಿಸಿದರೆ ಲಂಗರು ಬಾಳಿಕೆ ಬರುತ್ತದೆ ಅಂತ ಅನಿಸುತ್ತದೆ, ಆದರೆ ಮೊದಲ ಸಲ ಗಟ್ಟಿಯಾಗಿ ಸಿಕ್ಕಿಕೊಂಡಾಗಲೇ ಅದು ಬಂಡೆಯ ಪಾಲಾಗುತ್ತದೆ.

ಇದರ ದೋಷ ಹೊಯ್ಗೆಯಲ್ಲಿ ಗೊತ್ತಾಗುತ್ತದೆ. ಸರಳು ತೆಳ್ಳಗಿರುವುದರಿಂದ ನೆಲವನ್ನು ಗೀರಿಕೊಂಡು ಬರುತ್ತದೆಯೇ ಹೊರತು ಹಿಡಿಯುವುದಿಲ್ಲ. ಕೆಸರಿನಲ್ಲಂತೂ ಬೆಣ್ಣೆಯಂಥ ನೆಲ, ಕೊಕ್ಕೆ ಸರಾಗವಾಗಿ ಸಾಗುತ್ತದೆ. ಇನ್ನೊಂದು ತೊಂದರೆಯೂ ಇದೆ. ದೋಣಿ ಗಾಳಿಗೆ ಸುತ್ತಿದಾಗ ಹಗ್ಗ ಮೇಲೆ ನಿಂತ ಕೊಕ್ಕೆಗೆ ಸುತ್ತಿಕೊಳ್ಳುತ್ತದೆ. ಆಮೇಲೆ ಎಳೆತ ತಲೆಕೆಳಗು, ಲಂಗರು ಸುಮ್ನೆ ಕಿತ್ತು ಬರುತ್ತದೆ.

ಮಡಚುವ ಸಣ್ಣ ಕೊಕ್ಕೆ ಲಂಗರುಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಅವು ಕಯಾಕ್‌ಗೆ ಆಗುತ್ತವೆ. ಸಮುದ್ರಕ್ಕೆ ಹೋಗುವ ದೋಣಿ ಅದನ್ನು ನಂಬುವ ಹಾಗಿಲ್ಲ.

ಅಲಗಿನ ಲಂಗರು: ಡ್ಯಾನ್‌ಫೋರ್ತ್

ಅಮೆರಿಕದ ರಿಚರ್ಡ್ ಡ್ಯಾನ್‌ಫೋರ್ತ್ ರೂಪಿಸಿದ್ದು ಇದು. ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ದಡಕ್ಕೆ ಇಳಿಸುತ್ತಿದ್ದ ಬೋಟುಗಳು ಹಿಂದೆ ಲಂಗರು ಬಿಟ್ಟು ಬಂದು, ಕೆಲಸ ಮುಗಿದ ಮೇಲೆ ಅದನ್ನೇ ಎಳೆದುಕೊಂಡು ಹೊಯ್ಗೆಯಿಂದ ನೀರಿಗೆ ಸರಿಯುತ್ತಿದ್ದವು. ಆ ಕೆಲಸಕ್ಕೆ ತೂಕ ಕಡಿಮೆ, ಹಿಡಿತ ಜಾಸ್ತಿ ಇರುವ ಲಂಗರು ಬೇಕಿತ್ತು. ಎರಡು ಅಗಲವಾದ ಚಪ್ಪಟೆ ಅಲಗು, ನಡುವೆ ಒಂದು ದಂಡ, ದಂಡದ ಬುಡದಲ್ಲಿ ತಿರುಗಣೆ. ಯಾವ ಮಗ್ಗುಲಾಗಿ ಬಿದ್ದರೂ ಅಲಗುಗಳು ಕೆಳಮುಖವಾಗಿ ತಿರುಗಿ ನೆಲಕ್ಕೆ ಇಳಿಯುತ್ತವೆ.

ಹೊಯ್ಗೆಯಲ್ಲಿ ತೂಕಕ್ಕೆ ತಕ್ಕ ಹಿಡಿತ ನೋಡಿದರೆ ಇದರ ಸಮಕ್ಕೆ ಬರುವುದು ಕಡಿಮೆ. 6-7 ಮೀಟರ್ ದೋಣಿಗೆ 5ರಿಂದ 7 ಕೆ.ಜಿ.ಯದ್ದು ಸಾಕು. ಚಪ್ಪಟೆಯಾಗಿ ಮಲಗುವುದರಿಂದ ಬಲೆ, ಐಸ್ ಪೆಟ್ಟಿಗೆಗಳ ನಡುವೆ ಜಾಗವೂ ತಿನ್ನುವುದಿಲ್ಲ.

ಊರಿನ ವೆಲ್ಡಿಂಗ್ ಶಾಪಿನಲ್ಲಿ ಇದನ್ನೂ ಮಾಡಿಸಬಹುದು. ಆದರೆ ಕೋನ ತಪ್ಪಿದರೆ ಇಡೀ ಲಂಗರು ವ್ಯರ್ಥ. ದಂಡಕ್ಕೂ ಅಲಗಿಗೂ ನಡುವಿನ ಕೋನ ಹೊಯ್ಗೆಗೆ ಸುಮಾರು 32 ಡಿಗ್ರಿ ಇರಬೇಕು. ಮೆತ್ತನೆ ಕೆಸರಿಗೆ ಇನ್ನೂ ಅಗಲ, 45 ಡಿಗ್ರಿ ಆಸುಪಾಸು. 45ರ ಲಂಗರು ಗಟ್ಟಿ ಹೊಯ್ಗೆಯಲ್ಲಿ ನೆಲಕ್ಕೆ ಇಳಿಯದೆ ಮಗುಚಿಕೊಳ್ಳುತ್ತದೆ. ಮಾಡಿಸುವವರು ರಟ್ಟಿನಲ್ಲಿ 32 ಡಿಗ್ರಿಯ ಅಚ್ಚು ಕತ್ತರಿಸಿ ತಗೊಂಡು ಹೋಗಿ, ಅಲಗು ಎರಡೂ ಕಡೆಗೆ ತಿರುಗಿ ತಡೆಗೆ ತಾಗುವ ಜಾಗದಲ್ಲಿ ಇಟ್ಟು ನೋಡಿ. ಅಲಗಿನ ಮೂತಿ ಚೂಪಾಗಿರಲಿ. ತಿರುಗಣೆಯ ಸಂದಿ ಸಡಿಲವಾಗಿರಲಿ, ಇಲ್ಲದಿದ್ದರೆ ಒಂದು ಚಿಪ್ಪು ಸಿಕ್ಕಿಕೊಂಡರೂ ಅಲಗು ತಿರುಗುವುದಿಲ್ಲ.

ಇದರ ದೊಡ್ಡ ದೋಷ ಎಳೆತದ ದಿಕ್ಕು ಬದಲಾದಾಗ ಕಾಣುತ್ತದೆ. ನಮ್ಮ ಕರಾವಳಿಯವರು ಇದನ್ನು ಲಕ್ಷ್ಯ ಕೊಟ್ಟು ಓದಬೇಕು. ಮಳೆಗಾಲ ಮುಗಿದ ಮೇಲೆ ಇಲ್ಲಿ ರಾತ್ರಿಯಿಂದ ಬೆಳಿಗ್ಗೆಯವರೆಗೆ ಗಾಳಿ ದಡದಿಂದ ಸಮುದ್ರಕ್ಕೆ ಬೀಸುತ್ತದೆ, ಮಧ್ಯಾಹ್ನದ ಹೊತ್ತಿಗೆ ಸಮುದ್ರದಿಂದ ದಡಕ್ಕೆ. ಅಂದರೆ ಬೆಳಗಿನ ಜಾವ ಹಾಕಿದ ಲಂಗರನ್ನು ಮಧ್ಯಾಹ್ನ ದೋಣಿ ಉಲ್ಟಾ ಎಳೆಯುತ್ತದೆ. ಗಂಗೊಳ್ಳಿಯ ಪಂಚಗಂಗಾವಳಿ, ಹೊನ್ನಾವರದ ಶರಾವತಿ, ಕಾರವಾರದ ಕಾಳಿ, ಇಂಥ ಅಳಿವೆಗಳ ಒಳಗೆ ಉಬ್ಬರ ಇಳಿತಕ್ಕೆ ಸರಿಯಾಗಿ ಸುಮಾರು ಆರು ಗಂಟೆಗೊಮ್ಮೆ ನೀರೇ ತಿರುಗುತ್ತದೆ. ಡ್ಯಾನ್‌ಫೋರ್ತ್ ಕಿತ್ತುಕೊಂಡರೆ ಮತ್ತೆ ಹಿಡಿಯುತ್ತದೆ ಅನ್ನುವ ಭರವಸೆ ಇಲ್ಲ. ಹುಲ್ಲೋ ಚಿಪ್ಪೋ ಅಲಗಿನ ನಡುವೆ ಸೇರಿದರೆ ಹೊಯ್ಗೆಯ ಮೇಲೆ ಜಾರಿಕೊಂಡು ಹೋಗುತ್ತದೆ. ಹಾಗಾಗಿ ಗಾಳಿ ತಿರುಗುವ ಹೊತ್ತಿಗೆ ದೋಣಿಯಲ್ಲಿ ಒಬ್ಬರು ಎಚ್ಚರ ಇರಬೇಕು. ತಿರುಗಿದ ಕೂಡಲೇ ಒಮ್ಮೆ ಎತ್ತಿ ಮತ್ತೆ ಹಾಕಿದರೆ ಇನ್ನೂ ಒಳ್ಳೆಯದು.

ನೇಗಿಲು, ಉಗುರು ಮತ್ತು ಹೊಸ ತಲೆಮಾರಿನವು

ನೇಗಿಲಿನ ಆಕಾರದ ಸಿಕ್ಯೂಆರ್ ಲಂಗರನ್ನು ಬ್ರಿಟನ್ನಿನ ಭೌತವಿಜ್ಞಾನಿ ಜೆಫ್ರಿ ಇಂಗ್ರಮ್ ಟೇಲರ್ 1933ರಲ್ಲಿ ನೀರಿನ ಮೇಲೆ ಇಳಿಯುವ ವಿಮಾನಗಳಿಗಾಗಿ ರೂಪಿಸಿದರು. ಉಗುರಿನಂತಿರುವ ಬ್ರೂಸ್ ಲಂಗರು 1970ರ ದಶಕದ್ದು, ಪೀಟರ್ ಬ್ರೂಸ್ ಅವರದ್ದು. ಇವೆರಡೂ ಎಳೆತ ತಿರುಗಿದಾಗ ತಾವೂ ತಿರುಗಿ ಮತ್ತೆ ಹಿಡಿಯುತ್ತವೆ. ಬ್ರೂಸ್‌ನಲ್ಲಿ ಸಡಿಲ ಭಾಗವೇ ಇಲ್ಲ, ಸವೆಯುವ ಮಾತೇ ಇಲ್ಲ. ಆದರೆ ಡ್ಯಾನ್‌ಫೋರ್ತ್‌ನಷ್ಟೇ ಹಿಡಿತ ಬೇಕಿದ್ದರೆ ಇವುಗಳಲ್ಲಿ ಜಾಸ್ತಿ ತೂಕದ್ದು ಬೇಕಾಗುತ್ತದೆ, ಕೈಯಲ್ಲಿ ಎಳೆಯುವ ದೋಣಿಗೆ ಅದೇ ಕಷ್ಟ.

ಆಮೇಲೆ ಬಂದ ಫ್ರಾನ್ಸಿನ ಸ್ಪೇಡ್, ನ್ಯೂಜಿಲೆಂಡಿನ ರೊಕ್ನಾ ಇನ್ನೂ ಬೇಗ ಹಿಡಿಯುತ್ತವೆ, ದಿಕ್ಕು ತಿರುಗಿದರೂ ಬಿಡುವುದಿಲ್ಲ. ರಾತ್ರಿ ಅಳಿವೆಯೊಳಗೆ ದೋಣಿ ಬಿಟ್ಟು ಮನೆಗೆ ಹೋಗುವವರಿಗೆ ಇಂಥದ್ದು ಬೆಲೆ ಬಾಳುತ್ತದೆ. ದಿನಾ ಹೋಗಿ ಬರುವ ನಾಡದೋಣಿಗೆ ಅಷ್ಟು ಖರ್ಚು ಬೇಡ ಅನ್ನುವುದು ನನ್ನ ಅನಿಸಿಕೆ.

ಚಿತ್ರಗಳಲ್ಲಿ ಕಾಣುವ ಹಳೆಯ ಅಡ್ಡಪಟ್ಟಿಯ ಲಂಗರು ಬಂಡೆ, ಹುಲ್ಲಿನ ನೆಲಕ್ಕೆ ಚೆನ್ನಾಗಿ ಆಗುತ್ತದೆ. ಆದರೆ ಭಾರ, ಒಂದು ತೋಳು ಯಾವಾಗಲೂ ಮೇಲೆ ನಿಂತಿರುವುದರಿಂದ ಹಗ್ಗ ಸುತ್ತಿಕೊಳ್ಳುವ ಕಾಟವೂ ಇದೆ. ಅಣಬೆ ಆಕಾರದ್ದು ಕೆರೆ, ಹಿನ್ನೀರಿಗೆ ಮಾತ್ರ.

ಚೈನು ಮತ್ತು ಹಗ್ಗ

ಲಂಗರು ನೆಲಕ್ಕೆ ಇಳಿಯಬೇಕಾದರೆ ಎಳೆತ ಆದಷ್ಟು ಅಡ್ಡಕ್ಕೆ ಇರಬೇಕು. ಮೇಲಕ್ಕೆ ಎಳೆದರೆ ಎಂಥ ಲಂಗರೂ ಕಿತ್ತು ಬರುತ್ತದೆ. ಲಂಗರಿನ ದಂಡವನ್ನು ನೆಲಕ್ಕೆ ಒತ್ತಿ ಹಿಡಿಯುವುದು ಚೈನಿನ ತೂಕ. ಬಂಡೆಗೂ ಚಿಪ್ಪಿಗೂ ಉಜ್ಜಿ ಹಗ್ಗ ಹರಿಯದಂತೆ ಕಾಯುವುದೂ ಅದೇ. ಕಡಿಮೆ ಅಂದರೂ ದೋಣಿಯ ಉದ್ದದಷ್ಟು ಚೈನು ಇರಲಿ. 6 ಮಿ.ಮೀ. ಚೈನು ಮೀಟರಿಗೆ ಸುಮಾರು 800 ಗ್ರಾಂ ತೂಗುತ್ತದೆ, 8 ಮಿ.ಮೀ.ಯದ್ದು ಸುಮಾರು 1.4 ಕೆ.ಜಿ. ಏಳು ಮೀಟರ್ ದೋಣಿಗೆ ಏಳು ಮೀಟರ್ 8 ಮಿ.ಮೀ. ಚೈನು ಅಂದರೆ ಹತ್ತು ಕೆ.ಜಿ. ಹತ್ತಿರ. ಎಳೆಯುವಾಗ ತೋಳಿಗೆ ಗೊತ್ತಾಗುತ್ತದೆ, ನಿಜ. ಆದರೂ ಇದನ್ನು ಬಿಡಬೇಡಿ.

ಹಗ್ಗದಲ್ಲಿ ನೈಲಾನ್ ಮತ್ತು ಪಾಲಿಪ್ರೊಪಿಲೀನ್ ನಡುವೆ ಆಯ್ಕೆ. ನೈಲಾನ್ ಹಿಗ್ಗುತ್ತದೆ, ಅಲೆ ಬಡಿದಾಗ ಲಂಗರಿಗೆ ಜಗ್ಗು ತಾಗದಂತೆ ತಡೆದುಕೊಳ್ಳುತ್ತದೆ. ನೀರಿನಲ್ಲಿ ಮುಳುಗುತ್ತದೆ. ಪಾಲಿಪ್ರೊಪಿಲೀನ್ ಅಗ್ಗ, ಎಲ್ಲ ಬಂದರಿನಲ್ಲೂ ಸಿಗುತ್ತದೆ, ಆದರೆ ತೇಲುತ್ತದೆ. ದೋಣಿ ಸುತ್ತಿದಾಗ ತೇಲುವ ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ. ಬಿಸಿಲಿಗೆ ಬೇಗ ಹಾಳಾಗುತ್ತದೆ ಕೂಡ. ಕೈಯಲ್ಲಿ ತಿಕ್ಕಿದಾಗ ಪುಡಿಪುಡಿ ನಾರು ಉದುರಿದರೆ ಆ ಹಗ್ಗ ಲಂಗರಿನ ಕೆಲಸಕ್ಕೆ ಮುಗಿಯಿತು. ನೈಲಾನೇ ತಗೊಳ್ಳಿ, 12 ಮಿ.ಮೀ. ಇದ್ದರೆ ಈ ಅಳತೆಯ ದೋಣಿಗೆ ಬಲಕ್ಕೂ ಸಾಕು, ಹಿಡಿದು ಎಳೆಯಲಿಕ್ಕೂ ಸುಲಭ. ಅಷ್ಟು ದುಡ್ಡು ಈಗ ಇಲ್ಲದಿದ್ದರೆ ಇರುವ ಹಗ್ಗಕ್ಕೇ ಚೈನು ಸೇರಿಸಿ, ಚೈನು ಮುಗಿದು ಒಂದೆರಡು ಮಾರು ಮೇಲೆ ಒಂದು ಸೀಸದ ಗುಂಡು ಕಟ್ಟಿ. ಹಗ್ಗ ಕೆಳಗಿರುತ್ತದೆ.

ಎಷ್ಟು ಹಗ್ಗ ಬಿಡಬೇಕು

ಲಂಗರು ಹಿಡಿಯಲಿಲ್ಲ ಅನ್ನುವ ದೂರಿನಲ್ಲಿ ಹೆಚ್ಚಿನ ಸಲ ತಪ್ಪು ಲಂಗರಿನದ್ದಲ್ಲ, ಹಗ್ಗ ಕಡಿಮೆ ಬಿಟ್ಟದ್ದು. ಆಳದ ಐದು ಪಟ್ಟು ಸಾಧಾರಣ ದಿನಕ್ಕೆ, ಏಳು ಪಟ್ಟು ಗಾಳಿಯ ದಿನಕ್ಕೆ ಅಥವಾ ರಾತ್ರಿಗೆ. ಮೂರು ಪಟ್ಟು ಬಿಟ್ಟರೆ, ಎಲ್ಲರೂ ಎಚ್ಚರ ಇದ್ದು ಸ್ವಲ್ಪ ಹೊತ್ತು ನಿಲ್ಲಲಿಕ್ಕೆ ಮಾತ್ರ. ಹಗ್ಗ ಬಿಗಿಯಾಗಿ ನೆಟ್ಟಗೆ ನಿಂತಾಗ ಮೂರು ಪಟ್ಟಿನಲ್ಲಿ ಎಳೆತದ ಕೋನ ನೆಲದಿಂದ 19 ಡಿಗ್ರಿ ಮೀರುತ್ತದೆ. ಐದು ಪಟ್ಟಿನಲ್ಲಿ ಹನ್ನೊಂದೂವರೆ, ಏಳರಲ್ಲಿ ಎಂಟು. ಆಳದ ಎರಡೇ ಪಟ್ಟು ಬಿಟ್ಟರೆ 30 ಡಿಗ್ರಿ, ಅಲ್ಲಿ ಅಲಗು ನೆಲಕ್ಕೆ ಇಳಿಯುವ ಪ್ರಶ್ನೆಯೇ ಇಲ್ಲ.

ಆಳ ಅಂದರೆ ನೀರಿನ ಆಳ ಮಾತ್ರ ಅಲ್ಲ. ಅದಕ್ಕೆ ಇನ್ನು ಏರಬಹುದಾದ ಉಬ್ಬರ ಸೇರಿಸಬೇಕು, ನೀರಿನಿಂದ ದೋಣಿಯ ಮುಂತುದಿಯ ಎತ್ತರವನ್ನೂ ಸೇರಿಸಬೇಕು. ಇಳಿತದಲ್ಲಿ 8 ಮೀಟರ್ ನೀರು, ಏರುವುದು ಒಂದೂವರೆ, ಮುಂತುದಿ ಒಂದು ಮೀಟರ್ ಎಂದುಕೊಳ್ಳಿ. ಒಟ್ಟು ಹತ್ತೂವರೆ. ಐದು ಪಟ್ಟು ಅಂದರೆ 52 ಮೀಟರ್ ಮೇಲಾಯಿತು, ಏಳು ಪಟ್ಟು ಅಂದರೆ 73 ದಾಟಿತು. 25 ಮೀಟರ್ ಹಗ್ಗದ ಸುರುಳಿ ಇಟ್ಟುಕೊಂಡು ಅಲ್ಲಿ ಲಂಗರು ಹಾಕಿದರೆ ಅದು ನಿಲ್ಲುವುದು ಅದೃಷ್ಟದ ಮೇಲೆ. ಹಗ್ಗಕ್ಕೆ ಐದು ಮಾರಿಗೊಂದು ಬಣ್ಣದ ನೂಲು ಸುತ್ತಿ ಗುರುತು ಮಾಡಿಟ್ಟರೆ ಕತ್ತಲಲ್ಲೂ ಬೆರಳಿಗೆ ಲೆಕ್ಕ ಸಿಗುತ್ತದೆ.

ಹಾಕುವ ಕ್ರಮ

ಮೊದಲು ನೆಲ ಯಾವುದು ನೋಡಿ. ಸೀಸದ ಗುಂಡಿನ ತಳದಲ್ಲಿ ಸಣ್ಣ ಗುಳಿ ಮಾಡಿ ಬಟ್ಟೆ ಸೋಪು ಮೆತ್ತಿ ಕೆಳಗೆ ಬಿಡಿ. ಮೇಲೆ ಬಂದಾಗ ಸೋಪಿನಲ್ಲಿ ಹೊಯ್ಗೆಯ ಕಾಳು ಅಂಟಿದ್ದರೆ ಹೊಯ್ಗೆ, ಬೂದು ಮೆತ್ತೆ ಇದ್ದರೆ ಕೆಸರು, ಏನೂ ಅಂಟದೆ ಗೀರು ಮಾತ್ರ ಬಿದ್ದಿದ್ದರೆ ಬಂಡೆ. ಫಿಶ್ ಫೈಂಡರ್ ಇದ್ದವರೂ ಇದನ್ನು ಮಾಡಿ ನೋಡಿ, ಪರದೆಯ ಮೇಲಿನ ಬಣ್ಣಕ್ಕೂ ನೆಲಕ್ಕೂ ಇರುವ ಸಂಬಂಧ ಬೇಗ ತಿಳಿಯುತ್ತದೆ.

ಹಗ್ಗದ ಕೊನೆ ದೋಣಿಗೆ ಕಟ್ಟಿದೆಯಾ ಅಂತ ನೋಡಿಕೊಳ್ಳಿ. ಯಾರ ಕಾಲೂ ಸುರುಳಿಯೊಳಗೆ ಇರಬಾರದು. ಗಾಳಿ ಜೋರೋ ನೀರಿನ ಸೆಳೆತ ಜೋರೋ, ಯಾವುದು ದೋಣಿಯನ್ನು ತಳ್ಳುತ್ತದೋ ಅದಕ್ಕೆ ಮುಖ ಮಾಡಿ ನಿಲ್ಲಿಸಿ. ದೋಣಿ ಹಿಂದಕ್ಕೆ ಸರಿಯಲು ಶುರುವಾದ ಮೇಲೆ ಲಂಗರನ್ನು ಕೈಯಿಂದ ಇಳಿಸಿ. ಎಸೆಯಬೇಡಿ. ಎಸೆದರೆ ಚೈನು ಲಂಗರಿನ ಮೇಲೆಯೇ ಗುಡ್ಡೆಯಾಗಿ ಬಿದ್ದು ಸುತ್ತಿಕೊಳ್ಳುತ್ತದೆ. ಆಳದ ಮೂರರಷ್ಟು ಹಗ್ಗ ಹೋದಾಗ ಒಮ್ಮೆ ಮೆಲ್ಲಗೆ ತಡೆದು ಹಿಡಿಯಿರಿ, ಅಲಗು ಕಚ್ಚಲಿ. ಆಮೇಲೆ ಉಳಿದದ್ದನ್ನು ಬಿಟ್ಟು ಕಟ್ಟಿ, ಎಂಜಿನ್ ರಿವರ್ಸ್‌ನಲ್ಲಿ ಹಾಕಿ ನಿಧಾನವಾಗಿ ಎಳೆತ ಕೊಡಿ.

ಈಗ ಹಗ್ಗದ ಮೇಲೆ ಬರಿಗೈ ಇಡಿ. ಲಂಗರು ಜಾರುತ್ತಿದ್ದರೆ ಹಗ್ಗ ನಡುಗುತ್ತದೆ, ತಡೆದು ತಡೆದು ಜಗ್ಗಿದಂತೆ ಅನಿಸುತ್ತದೆ. ಹಿಡಿದಿದ್ದರೆ ಹಗ್ಗ ಬಿಗಿಯಾಗಿ ನಿಂತು ಅಲೆಗೆ ಮಾತ್ರ ಹಿಗ್ಗಿ ಕುಗ್ಗುತ್ತದೆ. ಇದರ ಜೊತೆ ದಡದ ಮೇಲೆ ಒಂದರ ಹಿಂದೆ ಒಂದು ಬರುವ ಎರಡು ಗುರುತು ಹಿಡಿಯಿರಿ. ಮುಂದೆ ಒಂದು ತೆಂಗಿನಮರ, ಹಿಂದೆ ದೀಪಸ್ತಂಭ, ಹೀಗೆ. ದೋಣಿಯ ಬದಿಗೆ ನೇರವಾಗಿ ಇರುವ ಗುರುತಾದರೆ ಜಾರುವುದು ಬೇಗ ತಿಳಿಯುತ್ತದೆ. ಎರಡೂ ಒಂದೇ ಸಾಲಿನಲ್ಲಿ ಉಳಿದರೆ ದೋಣಿ ನಿಂತಿದೆ. ರಾತ್ರಿ ಮೊಬೈಲಿನ ಜಿಪಿಎಸ್ ಅಲಾರಂ ಆ್ಯಪ್ ಸಹಾಯಕ್ಕೆ ಬರುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಲಂಗರಿನ ಹಗ್ಗವನ್ನು ಯಾವತ್ತೂ ದೋಣಿಯ ಹಿಂಭಾಗಕ್ಕೆ ಕಟ್ಟಬೇಡಿ. ಔಟ್‌ಬೋರ್ಡ್ ಎಂಜಿನ್ ಕೂರಿಸುವ ಹಲಗೆ ಅಲ್ಲಿ ತಗ್ಗಾಗಿರುತ್ತದೆ, ಎಂಜಿನ್ನಿನ ಭಾರವೂ ಅಲ್ಲೇ. ಎದುರಿನಿಂದ ಬಂದ ಅಲೆಗೆ ದೋಣಿ ಮೇಲೇಳಲಾಗದೆ ನೀರು ನೇರ ಒಳಗೆ ನುಗ್ಗುತ್ತದೆ. ಎರಡು ಅಲೆ ಸಾಕು. ಜೀವ ಹೋಗುವ ತಪ್ಪು ಇದು.

ಸಿಕ್ಕಿಕೊಂಡರೆ

ಎತ್ತುವಾಗ ದೋಣಿಯನ್ನು ನಿಧಾನವಾಗಿ ಲಂಗರಿನ ನೇರ ಮೇಲಕ್ಕೆ ತನ್ನಿ, ಹಗ್ಗ ಲಂಬವಾಗಿ ಬಿಗಿದು ಮುಂತುದಿಗೆ ಕಟ್ಟಿ. ಅಲೆಯೇ ದೋಣಿಯನ್ನು ಎತ್ತಿ ಎತ್ತಿ ಲಂಗರನ್ನು ಸಡಿಲ ಮಾಡುತ್ತದೆ. ಕೆಸರಿನಲ್ಲಿ ಹೂತದ್ದಕ್ಕೆ ಸ್ವಲ್ಪ ಹೊತ್ತು ಕೊಡಿ. ಬದಿಗೆ ಕಟ್ಟಿ ಎಂಜಿನ್ ಜೋರಾಗಿ ಓಡಿಸಿದರೆ ದೋಣಿ ಮಗುಚುವ ಅಪಾಯ ಇದೆ.

ಬಂಡೆ ಇರುವಲ್ಲಿ ಡ್ಯಾನ್‌ಫೋರ್ತ್ ಹಾಕಲೇಬೇಕಾದರೆ ಒಂದು ಉಪಾಯ ಇದೆ. ಚೈನಿನ ತುದಿಯನ್ನು ಲಂಗರಿನ ಬುಡಕ್ಕೆ, ಅಂದರೆ ಅಲಗುಗಳು ಸೇರುವ ಕಡೆಗೆ ಶ್ಯಾಕಲ್ (ಪಿನ್ನು ಹಾಕಿ ಮುಚ್ಚುವ U ಆಕಾರದ ಕೊಂಡಿ) ಹಾಕಿ ಜೋಡಿಸಿ. ಅಲ್ಲಿಂದ ಚೈನನ್ನು ದಂಡದ ಉದ್ದಕ್ಕೆ ತಂದು ಮೇಲಿನ ಬಳೆಗೆ ಕೇಬಲ್ ಟೈ ಹಾಕಿ ಬಿಗಿಯಿರಿ. ಸಿಕ್ಕಿಕೊಂಡಾಗ ನೇರ ಮೇಲೆ ನಿಂತು ಜಗ್ಗಿದರೆ ಟೈ ಹರಿದು, ಎಳೆತ ಬುಡಕ್ಕೆ ಹೋಗಿ ಲಂಗರು ಹಿಮ್ಮುಖವಾಗಿ ಬಿಚ್ಚಿಕೊಳ್ಳುತ್ತದೆ. ಹಗಲು ಗಾಳ ಹಾಕುವಾಗ ಮಾತ್ರ ಇದನ್ನು ಮಾಡಿ. ಗಾಳಿ ಎದ್ದ ದಿನ, ರಾತ್ರಿ ನಿಲ್ಲುವಾಗ ಬೇಡವೇ ಬೇಡ, ಹರಿಯಬಾರದ ಹೊತ್ತಿಗೇ ಅದು ಹರಿಯಬಹುದು.

ಏನೂ ಆಗದಿದ್ದರೆ ಹಗ್ಗದ ತುದಿಗೆ ಒಂದು ಖಾಲಿ ಕ್ಯಾನ್ ಕಟ್ಟಿ ಬಿಟ್ಟುಬಿಡಿ, ನೀರು ಶಾಂತವಾದಾಗ ಬಂದು ತೆಗೆಯಬಹುದು. ಮುಂತುದಿಯ ಹತ್ತಿರ ಹರಿತವಾದ ಚೂರಿ ಯಾವಾಗಲೂ ಇರಲಿ.

ಎಲ್ಲಿ ಹಾಕಬಾರದು

ಅಳಿವೆ ಬಾಗಿಲಲ್ಲಿ ಅಲೆ ಒಡೆಯುವ ಜಾಗ, ಬಂದರಿಗೆ ಹಡಗು ಬರುವ ದಾರಿ, ಎರಡೂ ಬೇಡ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಲಂಗರು ಹಾಕಿದ ದೋಣಿ ರಾತ್ರಿ ಸುತ್ತಲೂ ಕಾಣುವ ಬಿಳಿ ದೀಪ ಹಚ್ಚಬೇಕು. 7 ಮೀಟರಿಗಿಂತ ಚಿಕ್ಕದಕ್ಕೆ, ಬೇರೆ ದೋಣಿ ಹಡಗು ಓಡಾಡದ ಜಾಗದಲ್ಲಿ ವಿನಾಯಿತಿ ಇದೆ. ಆದರೂ ಹಚ್ಚಿ. ದೊಡ್ಡ ಟ್ರಾಲ್ ಬೋಟಿನವರಿಗೆ ಕತ್ತಲಲ್ಲಿ ನೀವು ಕಾಣುವುದೇ ಆ ದೀಪದಿಂದ.

ಮುರುಡೇಶ್ವರದ ಎದುರಿನ ನೇತ್ರಾಣಿಯ ಸುತ್ತ ಹವಳ ಇದೆ. ಅಲ್ಲಿ ಕೊಕ್ಕೆ ಲಂಗರು ಎಳೆದರೆ ಎಷ್ಟೋ ವರ್ಷ ಬೆಳೆದದ್ದು ಒಂದು ಜಗ್ಗಿಗೆ ಮುರಿಯುತ್ತದೆ. ಮೀನು ಮರಿ ಮಾಡುವ ಜಾಗವೇ ಅದು. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ. ದೂರ ಹೊಯ್ಗೆ ನೋಡಿ ಹಾಕಿ.

ಆಳ ಜಾಸ್ತಿ ಇದ್ದು ಹಗ್ಗ ಸಾಲದ ಕಡೆ ಎಂಜಿನ್ ಕೆಟ್ಟರೆ ಉಪಯೋಗಕ್ಕೆ ಬರುವುದು ಸೀ ಆಂಕರ್. ಗಟ್ಟಿ ಬಟ್ಟೆಯ ಆಲಿಕೆಯಂಥ ಚೀಲ, ನೀರು ತುಂಬಿಕೊಂಡು ಮುಂತುದಿಯನ್ನು ಅಲೆಗೆ ಎದುರಾಗಿ ಹಿಡಿಯುತ್ತದೆ. ದೋಣಿ ತೇಲುತ್ತದೆ, ಆದರೆ ನಿಧಾನವಾಗಿ, ಅಡ್ಡ ಬೀಳದೆ. ಕಂತಬಲೆ (ನೀರಿನಲ್ಲಿ ಗೋಡೆಯಂತೆ ಇಳಿಬಿಡುವ ಬಲೆ) ಬಿಟ್ಟವರ ದೋಣಿ ಬಲೆಗೇ ಕಟ್ಟಿ ನಿಂತಿರುವಾಗ ಆಗುವುದೂ ಇದೇ. ಜೂನ್, ಜುಲೈ ತಿಂಗಳ ಯಾಂತ್ರಿಕ ಮೀನುಗಾರಿಕೆ ನಿಷೇಧದ ಹೊತ್ತಿನಲ್ಲಿ ಸಣ್ಣ ಎಂಜಿನ್ನಿನ ನಾಡದೋಣಿಗಳು ಮಳೆಗಾಲದ ಸಮುದ್ರಕ್ಕೆ ಇಳಿಯುತ್ತವಲ್ವಾ, ಅವರು ಲಂಗರಿನ ಜೊತೆ ಇದೊಂದನ್ನೂ ಇಟ್ಟುಕೊಳ್ಳಲಿ.

ನೋಡಿಕೊಳ್ಳುವುದು

ಜಿಂಕ್ ಲೇಪದ ಲಂಗರಿಗೆ ಆಮೇಲೆ ವೆಲ್ಡಿಂಗ್ ಮಾಡಿಸಿದರೆ ಆ ಜಾಗದ ಲೇಪ ಸುಟ್ಟುಹೋಗಿ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ, ಮಾಡಿಸಿದ ಕೂಡಲೇ ಜಿಂಕ್ ಪೇಂಟ್ ಬಳಿಯಿರಿ. ಹಗ್ಗವನ್ನು ಆಗಾಗ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ವರ್ಷಕ್ಕೊಮ್ಮೆ ತುದಿ ಬದಲಿಸಿ ಕಟ್ಟಿ, ಸವೆತ ಎರಡೂ ಕಡೆ ಹಂಚಿಹೋಗುತ್ತದೆ. ಚೈನಿಗೆ ಹಗ್ಗ ಸೇರುವಲ್ಲಿ ಥಿಂಬಲ್ (ಹಗ್ಗದ ಕುಣಿಕೆಯೊಳಗೆ ಕೂರುವ ಲೋಹದ ಬಳೆ) ಹಾಕಿ ಹೆಣೆಯಿಸಿ, ಬರೀ ಗಂಟು ಹಗ್ಗದ ಬಲವನ್ನು ಅರ್ಧಕ್ಕೆ ಹತ್ತಿರ ಇಳಿಸುತ್ತದೆ. ಕೊನೆಗೆ ಶ್ಯಾಕಲ್ ನೋಡಿ. ಅಲುಗಾಟಕ್ಕೆ ಅದರ ಪಿನ್ನು ತಾನಾಗಿ ಬಿಚ್ಚಿಕೊಳ್ಳುತ್ತದೆ. ಪಿನ್ನಿನ ಕಣ್ಣಿಗೆ ತಂತಿ ತೂರಿಸಿ ಶ್ಯಾಕಲ್ಲಿನ ತೋಳಿಗೆ ಬಿಗಿದು ಸುತ್ತಿ, ತಂತಿಯ ಚೂಪು ತುದಿಯನ್ನು ಒಳಕ್ಕೆ ಮಡಚಿ.